ಹೆಸರು ಕೂಗುವ ನಾಗಮಣಿ

ವೆಸ್ಟ್ ಮಾಂಬಲಂನ ಆ ಓಣಿಯಲ್ಲಿ ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ನಾಗಮಣಿ ಹಿರಿಯರೊಬ್ಬರ ತೋಳು ಹಿಡಿದು ನಡೆಸುತ್ತಾ ಮೆಲ್ಲನೆ ಹೇಳುತ್ತಾರೆ: "ಅಯ್ಯಾ, ಎದುರಿಗೆ ಹೂವಿನ ಜಯಲಕ್ಷ್ಮೀ ಬರ್ತಿದಾರೆ."

ಹಿರಿಯರ ಮುಖ ಅರಳುತ್ತದೆ. "ಏನಮ್ಮಾ ಜಯಲಕ್ಷ್ಮೀ, ಮಲ್ಲಿಗೆ ಬಂತಾ?" ಹೂವಿನಾಕೆ ನಿಂತು ಎರಡು ಮಾತಾಡಿ ಹೋಗುತ್ತಾರೆ. ನಾಗಮಣಿ ಹೇಳದಿದ್ದರೆ ಹಿರಿಯರು, ದೀಪದ ಕಂಬ ದಾಟಿದಂತೆ ಆಕೆಯನ್ನು ದಾಟಿಹೋಗುತ್ತಿದ್ದರು.

"ಇವಳು ನನ್ನ ಬಹುಪರಾಕಿನವಳು," ಎನ್ನುತ್ತಾರೆ ಹಿರಿಯರು, ಬದರಿನಾಥ. "ರಾಜರಿಗೂ ಇಂಥ ಸೇವೆ ಇರಲಿಲ್ಲ."

"ರಾಜರು ಮಾತ್ರೇನ ಸೋಫಾ ಕೆಳಗೆ ಬಚ್ಚಿಡ್ತಿರ್ಲಿಲ್ಲ ಅಯ್ಯಾ," ಎನ್ನುತ್ತಾರೆ ನಾಗಮಣಿ.

ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದ ಬದರಿನಾಥರಿಗೆ ಎರಡು ವರ್ಷದ ಹಿಂದೆ ಸಣ್ಣದಾಗಿ ಪಾರ್ಶ್ವವಾಯು ಬಡಿಯಿತು. ಕೈಕಾಲು ಬೇಗ ಸುಧಾರಿಸಿತು, ಮಾತಿಗೆ ಏನೂ ಆಗಲಿಲ್ಲ. ಎಲ್ಲರೂ ಗೆದ್ದೆವು ಅಂದುಕೊಂಡರು. ಆಮೇಲೆ ಅವರು ನೆರೆಹೊರೆಯವರನ್ನು ಮಾತಾಡಿಸುವುದು ಬಿಟ್ಟರು. ಗುರುತು ಹಿಡಿಯದವನನ್ನು ಸೊಕ್ಕಿನವನು ಎನ್ನಲು ಊರಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಳೆದ ವರ್ಷ, ರಾಯರ ಆರಾಧನೆಯ ದಿನ. ಆ ಮನೆಯಲ್ಲಿ ಅಣ್ಣತಮ್ಮಂದಿರು ಸೇರಿಯೇ ಆರಾಧನೆ ಮಾಡುವುದು. ಗಂಡಸರೆಲ್ಲ ಪಂಚೆಯಲ್ಲಿ, ಬರಿ ಮೈಯಲ್ಲಿ, ಹಣೆಗೆ ಒಂದೇ ಬಗೆಯ ನಾಮ, ಅಕ್ಷತೆ. ತಮ್ಮ ಸತ್ಯಾತ್ಮ ಬಂದು ನಗುತ್ತಾ ಎದುರು ನಿಂತರು. ಬದರಿನಾಥ ಅವರನ್ನು ನೋಡಿ, "ಅಡುಗೆ ಆಚಾರ್ರೇ, ಹುಳಿಗೆ ಉಪ್ಪು ಕೈ ಹಿಡಿದು ಹಾಕ್ರಿ, ಹೋದಸಲ ಜಾಸ್ತಿಯಾಗಿತ್ತು," ಅಂದುಬಿಟ್ಟರು. ನೆಂಟರು ನಕ್ಕರು. ಸತ್ಯಾತ್ಮ ಊಟ ಮಾಡದೆ, ತುಟಿ ಬಿಚ್ಚದೆ ಹೊರಟುಹೋದರು. ಮತ್ತೆ ಆ ಮನೆ ಮೆಟ್ಟಿಲು ಹತ್ತಲಿಲ್ಲ.

ಬದರಿನಾಥರನ್ನು ನಡೆದಾಡಿಸಲು ನಾಗಮಣಿ ಸೇರಿದ್ದು ಅದಾದ ಮೇಲೆ. ಅವರಪ್ಪ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿದ್ದವರು. ಗಂಡ ತೀರಿಕೊಂಡ ಮೇಲೆ ಕಾಯಿಲೆಯವರನ್ನು ನೋಡಿಕೊಳ್ಳುವ ಈ ಕೆಲಸ ಹಿಡಿದರು. ಈಗಲೂ ಪೆರಂಬೂರಿನಿಂದ ರೈಲು ಬದಲಿಸಿಕೊಂಡು ಬರುತ್ತಾರೆ. "ಸೀರೆ ಬದಲಾಯ್ಸಿ ಬಂದ್ರೆ 'ಯಾರಮ್ಮಾ ನೀನು' ಅಂತಾರೆ. ಬಾಯಿ ತೆಗೆದ್ರೆ 'ಓ, ನಾಗಮಣೀನಾ!' ಮರೆವು ಇದ್ರೆ ಹೆಸರೂ ಮರೀಬೇಕಲ್ವಾ? ಅಮ್ಮಂಗೆ ಹೇಳ್ದೆ, ಡಾಕ್ಟರಿಗೆ ತೋರ್ಸಿ ಅಂತ."

ಅಮ್ಮ ಎಂದರೆ ಬದರಿನಾಥರ ಹೆಂಡತಿ ರಮಾಬಾಯಿ. ಡಾಕ್ಟರು ಸ್ಕ್ಯಾನ್ ಮಾಡಿಸಿ ವಿವರಿಸಿದರು: ಮಿದುಳಿನ ಹಿಂಭಾಗದಲ್ಲಿ, ತಳದ ಕಡೆ, ಮುಖ ಗುರುತಿಸುವುದಕ್ಕೆ ಬೇಕಾದ ಒಂದು ಜಾಗವಿದೆ. ಪೆಟ್ಟು ಬಿದ್ದಿರುವುದು ಅಲ್ಲಿ. ಕಣ್ಣು, ಮೂಗು, ಮೀಸೆ ಎಲ್ಲ ಕಾಣುತ್ತದೆ. ಯಾರದ್ದೆಂದು ಹೊಳೆಯುವುದಿಲ್ಲ. ದನಿಯ ಗುರುತಿಗೆ ತೊಂದರೆಯಾಗಿಲ್ಲ.

ರಮಾಬಾಯಿ ಆ ದಿನ ಅತ್ತರಂತೆ. ದುಃಖಕ್ಕಲ್ಲ. "ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ಬೇಕೂಂತಲೇ ಹೀಗಾದರೇನೋ ಅಂದ್ಕೊಂಡಿದ್ದೆ. ಕಾಯಿಲೆ ಅಂತ ತಿಳಿದು ಜೀವ ಬಂದ ಹಾಗಾಯ್ತು."

ಆದರೆ ಸತ್ಯಾತ್ಮ ಫೋನಿನಲ್ಲಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಒಡಹುಟ್ಟಿದವನ ಮುಖ ಮರೆಯೋ ಕಾಯಿಲೆ ಎಲ್ಲಿದೆ ಅತ್ತಿಗೆ?" ಈ ವರ್ಷದ ಆರಾಧನೆ ಹತ್ತಿರ ಬಂತು. ತಮ್ಮನಿಲ್ಲದೆ ಪೂಜೆಗೆ ಕೂರುವುದಿಲ್ಲ ಎಂದು ಬದರಿನಾಥ ಹಟ ಹಿಡಿದರು. ನಾಗಮಣಿ ಯಾರಿಗೂ ಹೇಳದೆ ಸತ್ಯಾತ್ಮರ ಮನೆಗೆ ಹೋದರು. ಅವರು ಮಹಡಿಯ ಮೇಲೆ ಕಾಗೆಗೆ ಅನ್ನ ಇಡುತ್ತಿದ್ದರು.

"ನಾನು ಕೇಳ್ದೆ, 'ಸ್ವಾಮಿ, ದಿನಾ ಅನ್ನ ಹಾಕ್ತೀರಲ್ಲ, ನಿನ್ನೆ ಬಂದ ಕಾಗೆ ಇದ್ರಲ್ಲಿ ಯಾವುದು?' ಅಂತ. 'ಅದೆಂಗಮ್ಮಾ ಗೊತ್ತಾಗತ್ತೆ' ಅಂದ್ರು. 'ಅಣ್ಣಂಗೆ ನಾವೆಲ್ಲ ಹಂಗೇನೆ ಕಾಣ್ತೀವಿ, ಪಾವಂ, ಪಾಪ' ಅಂದೆ. ಕಾಗೆಗಳ ಕಡೆ ತಿರುಗಿ ನೋಡಿದ್ರು. ಹೆಸರು ಹೇಳ್ಕೊಂಡು ನಮಸ್ಕಾರ ಮಾಡೋ ಪದ್ಧತಿ ನಿಮ್ಮಲ್ಲೇ ಇದೆಯಲ್ಲ, ಅದು ಮಾಡಿ ಸಾಕು ಅಂದು ಬಂದೆ."

ಆರಾಧನೆಯ ದಿನ ಬೆಳಗ್ಗೆ ನಾಗಮಣಿಯ ಕಣ್ಣೆಲ್ಲ ಬಾಗಿಲಲ್ಲೇ. ಪೂಜೆಗೆ ತಡವಾಯಿತೆಂದು ನೆಂಟರು ಗೊಣಗುತ್ತಿದ್ದಾಗ ಸತ್ಯಾತ್ಮ ಬಂದರು, ಅದೇ ಪಂಚೆ, ಅದೇ ನಾಮ. ಹೆಸರು ಕೂಗುವ ನಾಗಮಣಿ ಆಗ ಮಾತ್ರ ಬಾಯಿ ಬಿಡಲಿಲ್ಲ. ಅರವತ್ತು ದಾಟಿದ ತಮ್ಮ, ಹೊಸದಾಗಿ ಮುಂಜಿಯಾದ ಹುಡುಗನ ಹಾಗೆ ಕಿವಿ ಮುಟ್ಟಿಕೊಂಡು, ಗೋತ್ರ, ಸೂತ್ರ, ಕೊನೆಗೆ ಹೆಸರು ಹೇಳಿ ಅಣ್ಣನ ಕಾಲಿಗೆರಗಿದರು.

ಬದರಿನಾಥರ ಕೈ ಆ ತಲೆಯನ್ನು ಹುಡುಕಿತು. "ಸತ್ಯಾ! ಬಂದ್ಯೇನೋ? ಹುಳಿಗೆ ಉಪ್ಪು ಸರಿಯಾಗಿ ಹಾಕಿದೀಯಾ?"

"ಹಾಕಿದೀನಿ ಅಣ್ಣಾ, ಪೂಜೆಗೆ ಏಳು," ಎಂದರು ಸತ್ಯಾತ್ಮ. ಈ ಸಲ ಅವರೂ ನಕ್ಕರು.

ಈಗ ಭಾನುವಾರ ಭಾನುವಾರ ಸತ್ಯಾತ್ಮ ಗೇಟಿನಲ್ಲೇ ತಮ್ಮ ಹೆಸರು ಕೂಗುತ್ತಾ ಒಳಬರುತ್ತಾರೆ. ಸೊಪ್ಪಿನವನ ಕೂಗೂ ಅದರ ಮುಂದೆ ಕೇಳದು.

ನಿಮಗೇನು ಆಸೆ ಎಂದು ಕೇಳಿದರೆ ನಾಗಮಣಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ನನ್ನ ಮುಖಾನ ಅಯ್ಯಾ ಇನ್ನೂ ಕಂಡುಹಿಡಿದಿಲ್ಲ, ಇನ್ಮೇಲೂ ಹಿಡಿಯಲ್ಲ. ಪರವಾಯಿಲ್ಲ. ಮೊನ್ನೆ ಮೆಟ್ಟಿಲು ಹತ್ತುವಾಗ್ಲೇ ಚಪ್ಪಲಿ ಸದ್ದು ಕೇಳಿ, 'ರಮಾ, ನಾಗಮಣಿ ಬಂದ್ಳು, ಕಾಫಿ ಇಡು' ಅಂದ್ರು. ಈ ಚಪ್ಪಲಿ ಸವೆದೋಗಿದೆ. ಆದ್ರೂ ಬದಲಾಯ್ಸಲ್ಲ."