ಇಬ್ಬರಿಗೆ ಒಂದೇ ರೈಲು ಪಾಸ್

1996ರ ಮಾತು. ಆಗ ನಾನು ದೋಹಾದ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಪರ್ಚೇಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಮಂಗಳೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾ ಕಲಿತ ಚೌಕಾಸಿಯೇ ನನಗೆ ಅನ್ನ ಕೊಟ್ಟದ್ದು. ಏಸಿ ಕೊಳ್ಳುವವರು, ಚಿನ್ನ ಕೊಳ್ಳುವವರು ಎಲ್ಲರೂ “ಶೆಟ್ರೇ, ಒಮ್ಮೆ ಬನ್ನಿ” ಎಂದು ಕರೆದುಕೊಂಡು ಹೋಗುತ್ತಿದ್ದರು. ಬೆಲೆ ಇಳಿದ ಮೇಲೆ ಅವರು ಅವರ ಮನೆಗೆ, ನಾನು ಬಿನ್ ಒಮ್ರಾನ್‌ನ ನನ್ನ ಕೋಣೆಗೆ. ತಂಗಿಯಂದಿರ ಮದುವೆ ಮುಗಿಸುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ದಾಟಿತ್ತು.

ಆ ಅಕ್ಟೋಬರ್ ರಜೆಯಲ್ಲಿ ಯುರೋಪ್ ಸುತ್ತಬೇಕೆಂದುಕೊಂಡೆ, ಅದೂ ರೈಲಿನಲ್ಲೇ. ಕತಾರಿನಲ್ಲಿ ಆಗ ರೈಲೇ ಇರಲಿಲ್ಲ.

ದೋಹಾದ ನಜ್ಮಾ ಬಡಾವಣೆಯ ಟ್ರಾವೆಲ್ ಏಜೆನ್ಸಿಯಲ್ಲಿ ಉಪ್ಪಳದ ಗಣೇಶ ಎಂಬವನಿದ್ದ. ಯುರೋಪಿನ ರೈಲು ಪಾಸ್‌ಗಳಲ್ಲಿ ಎರಡು ಬಗೆ ಎಂದ. ಒಂದರಲ್ಲಿ ಒಂದು ತಿಂಗಳು ದಿನವೂ ಓಡಾಡಬಹುದು. ಇನ್ನೊಂದರಲ್ಲಿ ಎರಡು ತಿಂಗಳೊಳಗೆ ನಮಗೆ ಬೇಕಾದ ಹತ್ತು ದಿನ ಮಾತ್ರ. ಆಮೇಲೆ ಸೇರಿಸಿದ: “ಇಬ್ರು ಒಟ್ಟಿಗೆ ಹೋಗುದಾದ್ರೆ ಒಂದೇ ಪಾಸಲ್ಲಿ ಇಬ್ರ ಹೆಸರು ಹಾಕ್ಲಿಕ್ಕೆ ಆಗ್ತದೆ. ತಲೆಗೆ ಕಮ್ಮಿ ಬೀಳ್ತದೆ. ಆದ್ರೆ ಕೊನೇವರೆಗೆ ಜೊತೆಯಲ್ಲೇ ಇರ್ಬೇಕು. ಒಬ್ಬೊಬ್ರೇ ರೈಲು ಹತ್ತುವ ಹಾಗಿಲ್ಲ.”

ಕಮ್ಮಿ ಬೀಳುವುದು ಕಿವಿಗೆ ಬಿದ್ದದ್ದು ಹೌದು. ಆದರೆ ನನ್ನ ಮನಸ್ಸು ನಿಂತದ್ದು ಆ ಕೊನೆಯ ಷರತ್ತಿನ ಮೇಲೆ.

ನಮ್ಮ ಆಫೀಸಿನ ಅಕೌಂಟೆಂಟ್, ಮೈಸೂರಿನ ಮೂರ್ತಿಯವರೂ ಅದೇ ತಿಂಗಳು ಯುರೋಪಿಗೆ ಹೊರಟಿದ್ದರು. ಒಟ್ಟಿಗೆ ಹೋಗೋಣವೇ ಎಂದು ಕೇಳಿದೆ. “ಒಳ್ಳೇದೇ ಆಯ್ತು ಶೆಟ್ರೇ, ಒಬ್ನೇ ಹೋಗೋದು ಬೇಜಾರು” ಎಂದರು. ಅಂದು ಕೋಣೆಗೆ ಬಂದವನೇ ಎರಡು ಲೋಟ ಚಹಾಕ್ಕೆ ನೀರಿಟ್ಟುಬಿಟ್ಟಿದ್ದೆ.

ಶುಕ್ರವಾರ ನಕಾಶೆ ಹಿಡಿದು ಅವರ ಮನೆಗೆ ಹೋದೆ. ತಿಂಗಳ ಪಾಸೇ ಲಾಭ, ದಿನಾ ಒಂದು ಊರು, ವಾರಕ್ಕೆ ನಾಲ್ಕು ಸಲ ರೈಲಲ್ಲೇ ಮಲಗಿದರೆ ಹೋಟೆಲ್ ಬಾಡಿಗೆ ಉಳಿಯಿತು ಎಂದು ವಿವರಿಸಿದೆ. ಅವರು ಸ್ವಿಟ್ಜರ್ಲೆಂಡಿನ ಕೆರೆ ದಂಡೆಯ ಊರೊಂದರ ಚಿತ್ರ ತೋರಿಸಿ, “ಇಲ್ಲೊಂದು ವಾರ ಸುಮ್ನೆ ಇದ್ಬಿಡೋಣ ಅಂತ ಆಸೆ” ಎಂದರು.

“ವಾರವಾ? ಪಾಸ್ ದಂಡ ಆಗ್ತದೆ ಮಾರಾಯ್ರೆ!” ಎಂದು ಆ ಊರಿಗೆ ಪೆನ್ಸಿಲಿನಿಂದ ಅಡ್ಡಗೀಟು ಎಳೆದೆ.

“ಅಲ್ಲ ಶೆಟ್ರೇ, ನಾವು ಹೋಗ್ತಿರೋದು ಊರು ನೋಡಕ್ಕೋ, ಪಾಸ್ ತೀರಿಸಕ್ಕೋ?”

ನಾನು ಜೋರಾಗಿ ನಕ್ಕೆ. ಅವರು ನಕ್ಕರೋ ಇಲ್ಲವೋ ನೋಡಲಿಲ್ಲ.

ಸೋಮವಾರ ಸಂಜೆ ಹಣ ಕಟ್ಟಲು ಹೋದರೆ ಗಣೇಶ ತಲೆ ಕೆರೆದುಕೊಂಡ. “ಮೂರ್ತಿ ಸರ್ ಬೆಳಿಗ್ಗೆ ಬಂದಿದ್ರು. ಒಬ್ಬರದ್ದೇ ಪಾಸ್ ತಕೊಂಡ್ರು.”

“ಅದು ಜಾಸ್ತಿ ಆಗ್ತದಲ್ಲ! ನೀನು ಹೇಳ್ಲಿಲ್ವಾ?”

“ಹೇಳಿದೆ ಶೆಟ್ರೇ. ‘ಗೊತ್ತು, ಪರವಾಗಿಲ್ಲ’ ಅಂದ್ರು.”

ಎಷ್ಟು ಅಂಗಡಿಗಳಲ್ಲಿ ಎಷ್ಟು ಜನರ ಮುಖ ಓದಿದ್ದೇನೆ! ಯಾರು ಯಾವುದಕ್ಕೆ ಎಷ್ಟು ಕೊಟ್ಟಾರು ಎಂಬುದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಇದೂ ತಕ್ಷಣ ಅರ್ಥವಾಯಿತು. ನನ್ನ ಜೊತೆಯಿಂದ ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯ ಸಂತೋಷದಿಂದ ಹೆಚ್ಚು ಕೊಟ್ಟಿದ್ದ.

“ನನಗೂ ಒಬ್ಬರದ್ದು ಕೊಡು. ಹತ್ತು ದಿನದ್ದು” ಎಂದೆ.

ಗಣೇಶ ಪೆನ್ನು ಹಿಡಿದು ಕಾದ. “ಕಮ್ಮಿ ಕೇಳುದಿಲ್ವಾ?”

“ಖಲಾಸ್ ಮಾರಾಯ. ಬರಿ.”

ಮರುದಿನ ಮೂರ್ತಿಯವರೇ ನನ್ನ ಮೇಜಿನ ಹತ್ತಿರ ಬಂದು, “ಬೇಜಾರ್ ಮಾಡ್ಕೋಬೇಡಿ ಶೆಟ್ರೇ” ಎಂದರು. “ಎಂತ ಬೇಜಾರು? ನಿಮ್ಗೆ ಸುಮ್ನೆ ನಷ್ಟ ಆಯ್ತಲ್ಲ ಅಂತ ಅಷ್ಟೆ” ಎಂದೆ. ಅವರು ತಲೆ ತಗ್ಗಿಸಿ ಹೋದರು. ಆಗಲೂ ನನ್ನ ಬಾಯಿಗೆ ಬಂದದ್ದು ಲಾಭ-ನಷ್ಟದ ಮಾತೇ.

ಆ ಪ್ರವಾಸದಲ್ಲಿ ನಾನೇ ಅಡ್ಡಗೀಟು ಎಳೆದಿದ್ದ ಊರಿನಲ್ಲಿ ಇಳಿದೆ. ಮೂರ್ತಿಯವರು ಅಲ್ಲಿಗೆ ಬಂದು ಹೋಗಿದ್ದರೋ ಏನೋ. ನಾಲ್ಕು ದಿನ ಕೆರೆಯ ಪಕ್ಕದ ಬೆಂಚಿನಲ್ಲಿ ಕೂತೆ. ಒಂದು ಕಾಫಿಗೆ ಇಷ್ಟು ರೇಟು ಹೇಳುತ್ತಾರಲ್ಲ ಎಂದು ಹೇಳಲು ಪಕ್ಕಕ್ಕೆ ತಿರುಗಿದರೆ ಬೆಂಚು ಖಾಲಿ.

ಈಗಲೂ ಯುರೋಪಿಗೆ ಹೊರಟವರು ಯಾವ ಪಾಸ್ ತೆಗೆದುಕೊಳ್ಳುವುದೆಂದು ನನ್ನನ್ನು ಕೇಳುತ್ತಾರೆ. ನಿಧಾನವಾಗಿ ನೋಡುವವರಿಗೆ ಹತ್ತು ದಿನದ್ದೇ ಸಾಕು ಎನ್ನುತ್ತೇನೆ. ಆದರೆ ಅದಕ್ಕೂ ಮೊದಲು ಜೊತೆಗೆ ಬರುವವರನ್ನು ಕೂರಿಸಿಕೊಂಡು, ಅವರಿಗೆ ಎಲ್ಲಿ ಎಷ್ಟು ದಿನ ಇರಲು ಇಷ್ಟ ಎಂದು ಕೇಳಿ ಎಂದೂ ಹೇಳುತ್ತೇನೆ. ಮೂರ್ತಿಯವರು ನಾನು ಕೇಳದೆಯೇ ಹೇಳಿದ್ದರು. ಪೆನ್ಸಿಲ್ ನನ್ನ ಕೈಯಲ್ಲಿತ್ತು.