ಲಿಫ್ಟಣ್ಣನ ನೀರಿನ ಯಂತ್ರ

ಓಣಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಎತ್ತರದ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವುದು ಅವನ ಕೆಲಸ. ಮದುವೆಯ ಗೊಡವೆಗೆ ಹೋಗದೆ, ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಮೇಲಿನ ಮಹಡಿಯ ಪುಟ್ಟ ಮನೆಯಲ್ಲಿದ್ದ. ಅಡುಗೆ, ಬಟ್ಟೆ, ಜಗಳ ಎಲ್ಲವನ್ನೂ ಇಬ್ಬರೂ ಹಂಚಿಕೊಂಡಿದ್ದರು. ತಾರಸಿಯ ಮೇಲಿನ ಕುಂಡಗಳು ಮಾತ್ರ ಅಕ್ಕನ ಸ್ವತ್ತು. ಟೊಮೆಟೊ, ಪುದೀನ, ಗುಲಾಬಿ, ಒಂದೊಂದನ್ನೂ ಮಾತಾಡಿಸಿಕೊಂಡು ನೀರು ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದರೂ ವಾಕರ್ ಇಲ್ಲದೆ ಬಚ್ಚಲಿಗೂ ಹೋಗುವಂತಿರಲಿಲ್ಲ. ನೀರು ಹಾಕುವ ಹೊಣೆ ತಮ್ಮನ ಮೇಲೆ ಬಿತ್ತು. ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆಂದು ಫೋನ್ ಬಂದರೆ ಅವನು ಎದ್ದೆನೋ ಬಿದ್ದೆನೋ ಎಂದು ಓಡಬೇಕು. ಹೀಗಾಗಿ ಪುದೀನ ಒಣಗಿ ಕಡ್ಡಿಯಾಯಿತು.

"ಗಿಡ ಹೇಗಿದೆಯೋ?"

"ಎಲ್ಲಾ ಚೆನ್ನಾಗಿದೆ ಅಕ್ಕ."

"ಸುಳ್ಳು ಹೇಳೋಕೆ ನಿಂಗೆ ಚಿಕ್ಕಂದಿನಿಂದ್ಲೂ ಬರಲ್ಲ ಕಣೋ," ಎಂದು ಅಕ್ಕ ಗೋಡೆಯ ಕಡೆ ತಿರುಗಿದಳು.

ಆ ಮಾತು ಅವನಿಗೆ ನಾಟಿತು. ತಾನಿಲ್ಲದಾಗಲೂ ಗಿಡಕ್ಕೆ ನೀರು ಹಾಕುವ ಯಂತ್ರ ಮಾಡೋಣವೆಂದು ಮರುದಿನವೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ. ವೈರು, ರಿಲೇ ಅವನಿಗೆ ನೀರು ಕುಡಿದಷ್ಟು ಸುಲಭ. ಪ್ರೋಗ್ರಾಂ ಬರೆಯುವುದು ಮಾತ್ರ ಹೊಸದು. ಅಂಗಡಿಯಾಕೆ ಬರೆದುಕೊಟ್ಟ ಪ್ರೋಗ್ರಾಂನಂತೆ ನಡೆಯುವ, ಅಂಗೈಯಲ್ಲಿ ಹಿಡಿಸುವ ಮೈಕ್ರೋಕಂಟ್ರೋಲರ್ ಬೋರ್ಡು, ಮಣ್ಣಿನ ತೇವ ಹೇಳುವ ಸೆನ್ಸರು, ಪಂಪನ್ನು ಆನ್-ಆಫ್ ಮಾಡಲು ಒಂದು ರಿಲೇ, ಪುಟ್ಟ ಪಂಪು ಎಲ್ಲ ಕಟ್ಟಿಕೊಟ್ಟಳು. "ಮೊದ್ಲು ಬೋರ್ಡಿನ ಮೇಲಿರೋ ಈ ದೀಪ ಮಿನುಗಿಸಿ ಸಾರ್. ಪಂಪಿನ ಯೋಚನೆ ಆಮೇಲೆ."

ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ವಿಡಿಯೊ ನೋಡಿ ಸಾಫ್ಟ್‌ವೇರ್ ಹಾಕಿದ, ತೋರಿಸಿದ ಸಾಲುಗಳನ್ನು ಟೈಪ್ ಮಾಡಿದ. ಕಂಪ್ಯೂಟರ್ ಮಾತ್ರ ಬೋರ್ಡೇ ಕಾಣುತ್ತಿಲ್ಲ ಎಂದು ಹಟ ಹಿಡಿಯಿತು. ಬಿಚ್ಚಿದ, ಜೋಡಿಸಿದ, ಎಲ್ಲ ಅಳಿಸಿ ಮತ್ತೆ ಹಾಕಿದ.

"ಇನ್ನೂ ಉಸಿರು ಬಂದಿಲ್ವಾ ಅದಕ್ಕೆ?" ಎಂದು ಒಳಗಿನಿಂದ ಅಕ್ಕ ಕೇಳುತ್ತಲೇ ಇದ್ದಳು.

ಸೋಮವಾರ ಎಲ್ಲವನ್ನೂ ಅಂಗಡಿಗೆ ಒಯ್ದಾಗ ಅಂಗಡಿಯಾಕೆ ಬೋರ್ಡು ನೋಡಲೇ ಇಲ್ಲ, ಕೇಬಲ್ ಕೈಗೆತ್ತಿಕೊಂಡಳು. "ಇದು ಬರೀ ಫೋನ್ ಚಾರ್ಜ್ ಮಾಡೋದು. ಇದರಲ್ಲಿ ಕರೆಂಟ್ ಹೋಗುತ್ತೆ, ಮಾತು ಹೋಗಲ್ಲ!"

ಹೊಸ ಕೇಬಲ್ ಹಾಕಿದ್ದೇ ತಡ, ಬೋರ್ಡಿನ ದೀಪ ಮಿಣಮಿಣ ಎಂದಿತು. ಐವತ್ತು ದಾಟಿದ ಮನುಷ್ಯ ಒಬ್ಬನೇ ಕೂತು ಚಪ್ಪಾಳೆ ತಟ್ಟಿದ.

ಆಮೇಲೆ ಎರಡು ಲೋಟಗಳಲ್ಲಿ ಒಣಮಣ್ಣು, ಹಸಿಮಣ್ಣು ತುಂಬಿ ಸೆನ್ಸರ್ ಚುಚ್ಚಿ ನೋಡಿದ. ಮಣ್ಣು ಒಣಗಿದರೆ ಪಂಪು ಓಡಬೇಕು, ಒದ್ದೆಯಾದರೆ ನಿಲ್ಲಬೇಕು ಎಂದು ಬರೆದ. ಆದರೆ ಆ ರಿಲೇ ತಿರುಗುಮುರುಗು ಜಾತಿಯದು. ನಿಲ್ಲು ಎಂದರೆ ಓಡುತ್ತಿತ್ತು. ಪಂಪು ಇಳಿಬಿಟ್ಟಿದ್ದ ಬಕೆಟ್ ಖಾಲಿಯಾಗಿ ನೀರು ಅಕ್ಕನ ಕೋಣೆಗೂ ಹರಿಯಿತು. ಬಿದ್ದ ದಿನದಿಂದ ನಗದಿದ್ದ ಅಕ್ಕ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಕಾಲಿಗೂ ನೀರು ಹಾಕ್ತಿದೀಯೇನೋ? ಚಿಗುರುತ್ತೆ ಅಂತಾನಾ?"

ತಪ್ಪು ತಿದ್ದಿ, ತಾರಸಿಯ ಮೇಲೆ ಡ್ರಮ್ ಇಟ್ಟು, ಕುಂಡಕುಂಡಕ್ಕೂ ಸಣ್ಣ ಪೈಪು ಎಳೆದ. ಗಿಡಗಳು ಚೇತರಿಸಿಕೊಂಡವು. ಪುದೀನವೂ ಬುಡದಿಂದ ಚಿಗುರಿತು. ಫೋಟೊ ತೆಗೆದು ಓಡಿಬಂದು ತೋರಿಸಿದ.

ಅಕ್ಕ ಸುಮಾರು ಹೊತ್ತು ನೋಡಿ ಫೋನ್ ವಾಪಸ್ ಕೊಟ್ಟಳು. "ಚೆನ್ನಾಗಿದೆ. ಇನ್ನು ನಾನು ಬೇಕಾಗಿಲ್ಲ ಬಿಡು."

ಅವನು ಫೋನ್ ಜೇಬಿಗೆ ಹಾಕಿಕೊಂಡ. ಅವಳ ಭಾರ ಇಳಿಸಿದೆನೆಂದುಕೊಂಡಿದ್ದ. ಆದರೆ ಗಿಡಗಳನ್ನು ವಿಚಾರಿಸಿಕೊಳ್ಳುವ, ಅವಳ ದಿನದಲ್ಲಿ ಉಳಿದಿದ್ದ ಒಂದೇ ಕೆಲಸವನ್ನೂ ಕಿತ್ತುಕೊಂಡಿದ್ದ. ಕೆಲಸದಲ್ಲಿದ್ದಾಗಲೂ ಅದೇ ಕೊರೆಯುತ್ತಿತ್ತು. ಒಂದು ಕಟ್ಟಡದಲ್ಲಿ ಹಳೆಯ ಲಿಫ್ಟು ಬಿಚ್ಚುವಾಗ, ಲಿಫ್ಟು ಕರೆಯಲು ಒತ್ತುವ, ಟಕ್ಕೆನ್ನುವ ಬಟನ್ ಕೈಗೆ ಸಿಕ್ಕಿತು. ಅಲ್ಲಿಯವರನ್ನು ಕೇಳಿ ಮನೆಗೆ ತಂದ.

ತಾರಸಿಯಿಂದ ಕಿಟಕಿಯ ಮೂಲಕ ವೈರು ಇಳಿಸಿ, ಮಂಚದ ಪಕ್ಕ ಬಟನ್ನೂ ಒಂದು ದೀಪವನ್ನೂ ಕೂರಿಸಿದ. ಪ್ರೋಗ್ರಾಂ ಬದಲಾಯಿಸಿದ. "ಮಣ್ಣು ಒಣಗಿದ್ರೆ ಈ ದೀಪ ಹತ್ತುತ್ತೆ. ನೀನು ಒತ್ತಿದ್ರೇನೇ ನೀರು. ಸಂಜೆವರೆಗೂ ಒತ್ತಲಿಲ್ಲ ಅಂದ್ರೆ ಮಾತ್ರ ಅದೇ ಹಾಕುತ್ತೆ."

"ಅಷ್ಟು ಹೊತ್ತು ನಾನ್ಯಾಕೆ ಬಿಡ್ತೀನಿ?" ಎಂದು ಅಕ್ಕ ಕನ್ನಡಕ ಹಾಕಿಕೊಂಡಳು. ಅಂದಿನಿಂದ ಎದ್ದ ಕೂಡಲೇ ಅವಳ ಕಣ್ಣು ದೀಪದ ಮೇಲೆ.

ತಿಂಗಳುಗಳ ನಂತರ ತಮ್ಮನ ಭುಜ ಹಿಡಿದು, ಮೆಟ್ಟಿಲಿಗೊಮ್ಮೆ ನಿಲ್ಲುತ್ತಾ ತಾರಸಿಗೆ ಹೋದಳು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, ಟೊಮೆಟೊ ಕುಂಡದ ಅಂಚಿನಲ್ಲಿದ್ದ ಸೆನ್ಸರನ್ನು ಕಿತ್ತು ಬೇರಿನ ಹತ್ತಿರ ಚುಚ್ಚಿದಳು.

"ತೇವದ ಲೆಕ್ಕ ಎಲ್ಲಾ ತಪ್ಪೋಗುತ್ತಲ್ಲ ಅಕ್ಕ!"

"ತಪ್ಪಿದ್ರೆ ಸರಿ ಮಾಡು."

ಅವನು ಕೆಳಗೆ ಹೋಗಿ ಲ್ಯಾಪ್‌ಟಾಪ್ ತಂದು ಅವಳ ಪಕ್ಕ ನೆಲದ ಮೇಲೆ ಕೂತ. ಅಕ್ಕ ಬಗ್ಗಿ ಪರದೆಯನ್ನೂ ಮಣ್ಣನ್ನೂ ನೋಡುತ್ತಾ, "ನೀರು ಇನ್ನೊಂಚೂರು ಕಮ್ಮಿ ಮಾಡು," ಎನ್ನುತ್ತಿದ್ದಳು.