ಈ ಕ್ಲಬ್ಬಿನಲ್ಲಿ ಕಾಫಿ ಸಿಗುವುದಿಲ್ಲ

ನಮ್ಮ ಸಾಗರ ಪೇಟೆಯ ಸಂಗೀತದ ಬಗ್ಗೆ ಭಾಷಣ ಬಿಗಿಯುವವರು ಯಾರೂ ನಮ್ಮ ಕ್ಲಬ್ಬಿನ ಹೆಸರೆತ್ತುವುದಿಲ್ಲ. ಎತ್ತದಿದ್ದರೆ ಹೋಯಿತು! ಅರವತ್ತರ ದಶಕದಲ್ಲಿ, ಸೋಡಾ ಅಂಗಡಿಯ ಮಾಳಿಗೆಯ ಒಂದೇ ಕೋಣೆಯಲ್ಲಿ, ಪ್ರತಿ ಭಾನುವಾರ ಮಧ್ಯಾಹ್ನ ನಾವು ಹಾಡಿದ್ದು ಸುಳ್ಳಾಗುತ್ತದೆಯೇ? ಹಾರ್ಮೋನಿಯಂಗೆ ಶಾಲೆಯ ಮೇಷ್ಟ್ರು, ತಬಲಾಕ್ಕೆ ಜೋಗದ ಪವರ್ ಹೌಸಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಫಿಟ್ಟರ್, ಹಾಡಲು ನಾನು. ಹತ್ತೊಂಬತ್ತರ ಬಾಯಿಬಡುಕಿ. ಕೇಳುವವರು ಚಾಪೆಯ ಮೇಲೆ ಹಿಡಿಸಿದಷ್ಟು ಜನ.

ಬೋರ್ಡಿಗೆ 'ಸಂಗೀತ ಕ್ಲಬ್' ಎಂದು ಬರೆಸಿದ್ದೇ ಎಡವಟ್ಟಾಯಿತು. ಆಗ ನಮ್ಮ ಕಡೆ ಕ್ಲಬ್ ಎಂದರೆ ಒಂದೋ ಕಾಫಿ ಕ್ಲಬ್, ಅಂದರೆ ಹೋಟೆಲು. ಇಲ್ಲವೇ ಇಸ್ಪೀಟಿನ ಅಡ್ಡೆ. ಹೊಸನಗರದ ಬಸ್ಸಿಳಿದವರು ಸೀದಾ ಮೆಟ್ಟಿಲು ಹತ್ತಿ ಬಂದು, ನಾನು ಆಲಾಪ ಎಳೆಯುತ್ತಿರುವಾಗಲೇ, "ಎರಡು ಕಾಫಿ. ತಿಂಡಿ ಎಂತ ಇದೆ?" ಎನ್ನುತ್ತಿದ್ದರು. ನಾವು ನಕ್ಕು ಕಳಿಸುತ್ತಿದ್ದೆವು.

ಅಪ್ಪಯ್ಯ ಮಾತ್ರ ನಗಲಿಲ್ಲ. ಎದುರಿಗೇ ಅವರ ದರ್ಜಿ ಅಂಗಡಿ. ಗಿರಾಕಿಯೊಬ್ಬ, "ನಿಮ್ ಮಗಳು ಕ್ಲಬ್ಬಿಗೆ ಹೋಗ್ತಾಳಂತೆ" ಎಂದು ಕೊಂಕು ನುಡಿದಿದ್ದ.

"ಆ ಹೆಸ್ರು ತೆಗ್ಸು. ಇಲ್ಲಾಂದ್ರೆ ಆ ಮೆಟ್ಲು ಹತ್ಬೇಡ. ನಾನು ಊರಲ್ಲಿ ತಲೆ ಎತ್ತಿ ತಿರುಗೋದು ಬೇಡ್ವಾ?" ಎಂದರು ಅಪ್ಪಯ್ಯ.

ಮೇಷ್ಟ್ರು ಹೆದರಿದರು. 'ಭಜನಾ ಮಂಡಳಿ' ಎಂದು ಬದಲಿಸಲು ಬಣ್ಣದ ಡಬ್ಬಿಯನ್ನೂ ತಂದರು. ನನಗೆ ಮೈಯೆಲ್ಲ ಉರಿಯಿತು. ಭಜನೆ ನನಗೂ ಬರುತ್ತದೆ. ಆದರೆ ದೇವರ ಹೆಸರನ್ನು ಮುಸುಕು ಮಾಡಿಕೊಂಡು ಹಾಡಲು ನಾನೇನು ಕಳ್ಳತನ ಮಾಡಿದ್ದೆನೇ? "ಬೋರ್ಡ್ ಮುಟ್ಟಿದ್ರೆ ನಾನು ಹಾಡಲ್ಲ ಮೇಷ್ಟ್ರೇ" ಎಂದು ಡಬ್ಬಿ ಕಿತ್ತುಕೊಂಡೆ. ಮನೆಯಲ್ಲೂ "ಹೋಗೇ ಹೋಗ್ತೀನಿ" ಎಂದೆ.

ಅಪ್ಪಯ್ಯ ನನ್ನೊಡನೆ ಮಾತು ಬಿಟ್ಟರು. ಊಟಕ್ಕೆ ನಾನೇ ಬಡಿಸಿದರೂ ಉಪ್ಪು ಬೇಕೆಂದು ಒಳಗಿದ್ದ ಅಮ್ಮನನ್ನು ಕೂಗುತ್ತಿದ್ದರು. ಸಂಕಟವಾಗುತ್ತಿತ್ತು, ಹಿತ್ತಿಲಿಗೆ ಹೋಗಿ ಅತ್ತದ್ದೂ ಉಂಟು. ಭಾನುವಾರ ಬಂತೆಂದರೆ ಮಾತ್ರ ಅವರ ಅಂಗಡಿಯ ಮುಂದೆಯೇ ನಡೆದು ಹೋಗಿ ಮೆಟ್ಟಿಲು ಹತ್ತುತ್ತಿದ್ದೆ.

ಹೀಗೇ ಮೂರು ತಿಂಗಳು ಕಳೆಯಿತು. ಒಂದು ಭಾನುವಾರ ಹಾಡಿನ ನಡುವೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಂದ, ಇನ್ನೊಬ್ಬ ಕಾಫಿ ಗಿರಾಕಿ ಎಂದುಕೊಂಡೆ. ನೋಡಿದರೆ ಬಾಗಿಲಲ್ಲಿ ಅಪ್ಪಯ್ಯ! ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಕೆಳಗೆ ರಸ್ತೆಯಲ್ಲಿದ್ದವರಿಗೂ ಕೇಳುವಂತೆ, "ಒಂದು ಕಾಫಿ!" ಎಂದು ಕೂಗಿದರು. ತಬಲಾ ನಿಂತಿತು. ಮೇಷ್ಟ್ರು ಗಡಬಡಿಸಿ ಎದ್ದರು.

ಹಗಲೆಲ್ಲ ಎದುರಿಗೇ ಕೂತಿರುವ ಮನುಷ್ಯನಿಗೆ ಇದು ಹೋಟೆಲಲ್ಲ ಎಂದು ಗೊತ್ತಿರಲಿಲ್ಲವೇ?

"ಇಲ್ಲಿ ಕಾಫಿ ಸಿಗಲ್ಲ ಅಪ್ಪಯ್ಯ. ಹಾಡು ಸಿಗ್ತದೆ" ಎಂದೆ.

ಅವರು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. "ಹ್ಞೂಂ, ಇದ್ದಿದ್ದೇ ಕೊಡು ಮತ್ತೆ" ಎಂದರು. ಮೂರು ತಿಂಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ನಾನು ಎದ್ದು ರಸ್ತೆ ಕಡೆಯ ಕಿಟಕಿಯನ್ನು ಪೂರ್ತಿ ತೆರೆದೆ. ಆಮೇಲೆ ಹಾಡನ್ನು ಮೊದಲಿನಿಂದ ಶುರು ಮಾಡಿದೆ.